ಬದಿ ಬದಲಿಸದ ಆಟ

ಏಪ್ರಿಲ್ 4

ಅಮ್ಮಾ,

ತಲುಪಿದೆ. ಬಸ್ಸಿನಲ್ಲಿ ವಾಂತಿ ಆಗಲಿಲ್ಲ. ನೀನು ಅದನ್ನೇ ಮೊದಲು ಕೇಳುತ್ತೀಯ ಅಂತ ಅದನ್ನೇ ಮೊದಲು ಬರೆದೆ.

ಬಂದ ಕೂಡಲೇ ಎಲ್ಲರ ಫೋನು ಒಂದು ಡಬ್ಬಿಗೆ ಹಾಕಿಸಿಕೊಂಡು ಬೀಗ ಹಾಕಿದರು. ಶಿಬಿರ ಮುಗಿಯುವ ತನಕ ಕೊಡುವುದಿಲ್ಲವಂತೆ. ಒಬ್ಬಳು ಅಳುವುದಕ್ಕೆ ಶುರು ಮಾಡಿದಳು. ಕೋಚ್ ಮೇಡಂ ಅವಳ ಕೈಗೆ ಒಂದು ಕಟ್ಟು ಕಾಗದ ಕೊಟ್ಟು, "ಮನೇವ್ರ ಹತ್ರ ಮಾತಾಡ್ಬೇಕು ಅನ್ಸಿದ್ರೆ ಬರಿ. ಬರೆಯೋ ಅಷ್ಟರಲ್ಲಿ ಅರ್ಧ ಅಳು ನಿಂತಿರುತ್ತೆ" ಅಂದರು. ಅವರು ನಗುತ್ತಿದ್ದರೋ ಬೈಯುತ್ತಿದ್ದರೋ ಗೊತ್ತಾಗಲಿಲ್ಲ.

ಹಾಲ್ ಎಷ್ಟು ದೊಡ್ಡದೆಂದರೆ ನಮ್ಮ ಪಾರ್ಲರನ್ನು ತಂದು ಇಟ್ಟರೆ ಒಂದು ಮೂಲೆಯೂ ತುಂಬುವುದಿಲ್ಲ. ಸಾಲಾಗಿ ಟೇಬಲ್ ಟೆನ್ನಿಸ್ ಟೇಬಲ್‌ಗಳು, ಗೋಡೆಗೆಲ್ಲ ಒಂದೇ ಬೂದು ಬಣ್ಣ. ಆಡುವ ಮೊದಲು ಕುರ್ಚಿ ಸರಿಸುವುದು, ಕತ್ತರಿಸಿದ ಕೂದಲು ಗುಡಿಸುವುದು, ಡ್ರೈಯರ್ ವೈರು ಸುತ್ತುವುದು ಯಾವುದೂ ಇಲ್ಲ. ಸೀದಾ ಹೋಗಿ ನಿಂತರೆ ಆಯಿತು. ಅದಕ್ಕೇ ಏನೋ ಸ್ವಲ್ಪ ಕಸಿವಿಸಿ.

ನನ್ನ ರೂಮಿನಲ್ಲಿ ಇನ್ನೊಬ್ಬಳಿದ್ದಾಳೆ. ಎಡಗೈಯಲ್ಲಿ ಆಡುತ್ತಾಳೆ, ಎಲ್ಲರೂ ಎಡಚಿ ಅಂತ ಕರೆಯುತ್ತಾರೆ, ಅವಳಿಗೂ ಅದೇ ಇಷ್ಟ. ನಿದ್ದೆಯಲ್ಲಿ ಮಾತಾಡುತ್ತಾಳೆ. ಊಟ ಚೆನ್ನಾಗಿದೆ. ನಾನು ಚೆನ್ನಾಗಿದ್ದೇನೆ.

ನಿನ್ನ ಚೂಟಿ

ಏಪ್ರಿಲ್ 8

ಚೂಟಿ,

ನಿನ್ನ ಕಾಗದ ಬಂದಾಗ ರಿಟೈರ್ಡ್ ಹೆಡ್‌ಮಿಸ್ ತಲೆಗೆ ಬಣ್ಣ ಹಚ್ಚುತ್ತಿದ್ದೆ. ನನ್ನ ಎರಡೂ ಕೈ ಕಪ್ಪು. ಅವರೇ ಕವರು ಒಡೆದು ಪಾರ್ಲರಿಗೆಲ್ಲ ಕೇಳುವಂತೆ ಓದಿದರು. ಎರಡು ಕಡೆ ನಿನ್ನ ಒತ್ತಕ್ಷರ ತಪ್ಪಿದೆಯಂತೆ. ಆಟಗಾರ್ತಿಗೆ ಒತ್ತಕ್ಷರ ಯಾಕೆ ಎಂದು ಕೇಳಿದೆ, ಮುಖ ಊದಿಸಿಕೊಂಡರು.

ಎಲ್ಲ ಬರೆದಿದ್ದೀಯ, ಬೇಕಾದ್ದೊಂದು ಬಿಟ್ಟು. ಆಡಿದೆಯೋ ಇಲ್ಲವೋ? ಎಷ್ಟಕ್ಕೆ ಎಷ್ಟು? ಯಾರನ್ನು ಸೋಲಿಸಿದೆ? ನನಗೆ ಒಂದು ಕಡೆ ಕೂರುವುದಕ್ಕೆ ಆಗುತ್ತಿಲ್ಲ. ಸಂಜೆ ಗಿರಾಕಿಗಳು ಹೋದ ಮೇಲೆ ಕಾಲು ತಾನಾಗಿ ಟೇಬಲ್ ಹತ್ತಿರ ಹೋಗುತ್ತದೆ. ಬಾಗಿಲ ಕಡೆ ನಿನ್ನ ಜಾಗ ಖಾಲಿ. ನಾನು ಎಂದಿನಂತೆ ಕನ್ನಡಿಗೆ ಬೆನ್ನು ಮಾಡಿ ಕೌಂಟರ್ ಬದಿಯಲ್ಲಿ ನಿಂತು ಚೆಂಡನ್ನು ಶಟರಿಗೆ ಹೊಡೆಯುತ್ತೇನೆ. ಪಕ್ಕದ ಔಷಧಿ ಅಂಗಡಿಯವನು ಬಂದು, "ಯಾರಕ್ಕಾ ಬಾಗಿಲು ತಟ್ತಿರೋದು?" ಅಂದ.

ನೋಡು ಮರಿ, ಅಲ್ಲಿ ಯಾರಾದರೂ ನಿನ್ನ ಆಟ ತಿದ್ದಲು ಬಂದರೆ ಹೂಂ ಅನ್ನು, ತಲೆಯಾಡಿಸು, ಆದರೆ ಬದಲಿಸಬೇಡ. ನಿನ್ನ ಆಟಕ್ಕೆ ಏನೂ ಕಡಿಮೆಯಿಲ್ಲ. ಎದುರಿನವರ ಸರ್ವ್ ಓದುವುದರಲ್ಲಂತೂ ನಿನ್ನನ್ನು ಮೀರಿಸಿದವರಿಲ್ಲ. ನಾನು ಕಾಲೇಜಿನಲ್ಲಿದ್ದಾಗ ನನ್ನ ಸರ್ವ್ ಎತ್ತ ತಿರುಗುತ್ತದೆ ಎಂದು ತಿಳಿಯದೆ ಎಂತೆಂಥವರೋ ಕಣ್ಣುಬಾಯಿ ಬಿಟ್ಟಿದ್ದಾರೆ. ನೀನು ಎರಡು ಜಡೆ ಹಾಕಿಕೊಳ್ಳುವ ವಯಸ್ಸಿಗೇ, ನಾನು ಹೊಡೆಯುವ ಮೊದಲೇ "ಎಡಕ್ಕೆ, ಬಲಕ್ಕೆ" ಅನ್ನುತ್ತಿದ್ದೆ. ಅದು ಯಾರೂ ಹೇಳಿಕೊಟ್ಟು ಬರುವುದಲ್ಲ.

ನಿನ್ನ ಅಪ್ಪ ಆರಾಮ. ಇಡೀ ದಿನ ಲಿಫ್ಟ್ ರಿಪೇರಿ, ಮನೆಗೆ ಬಂದರೆ ಮೌನ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಹತ್ತಿರ ಮಾತ್ರ ಅವರು ಬಾಯಿ ಬಿಡುವುದು. ಮಾತಾಡಿಸಬೇಕೆಂದರೆ ನಾನೂ ಒಂದು ದಿನ ಸಿಕ್ಕಿಹಾಕಿಕೊಳ್ಳಬೇಕು.

ಸ್ಕೋರ್ ಬರೆ. ಮರೆಯಬೇಡ.

ಅಮ್ಮ

ಏಪ್ರಿಲ್ 12

ಅಮ್ಮಾ,

ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೇ ಎಬ್ಬಿಸುತ್ತಾರೆ. ಮೊದಲು ಓಟ, ಆಮೇಲೆ ಹಗ್ಗ, ಆಮೇಲೆ ಟೇಬಲ್ ಇಲ್ಲದೆ ಬರೀ ಕಾಲಾಟ. ಏಡಿಯ ಹಾಗೆ ಅಡ್ಡಡ್ಡ ನಡೆಸುತ್ತಾರೆ. ಮೊದಲ ಮೂರು ದಿನ ಮೆಟ್ಟಿಲು ಇಳಿಯುವಾಗ ನಾನೂ ಎಡಚಿಯೂ ಕಂಬಿ ಹಿಡಿದುಕೊಂಡು ಮುದುಕಿಯರ ಹಾಗೆ ಇಳಿದೆವು. ಈಗ ಪರವಾಗಿಲ್ಲ.

ನಮ್ಮ ಬಟ್ಟೆ ನಾವೇ ಒಗೆಯಬೇಕು. ನಾನು ಬಿಳಿ ಅಂಗಿ, ಕೆಂಪು ಟವೆಲ್ಲು ಒಟ್ಟಿಗೆ ನೆನೆಹಾಕಿ ಈಗ ಗುಲಾಬಿ ಅಂಗಿಯಲ್ಲಿ ಆಡುತ್ತಿದ್ದೇನೆ. ನೀನಿದ್ದಿದ್ದರೆ ಬೈಯುತ್ತಿದ್ದೆ. ಇಲ್ಲಿ ಯಾರೂ ಬೈಯಲಿಲ್ಲ, ಎಲ್ಲರೂ ನಕ್ಕರು. ಅದಕ್ಕಿಂತ ಬೈಗುಳವೇ ವಾಸಿ.

ಸ್ಕೋರ್ ಕೇಳಿದ್ದೆ. ಇಲ್ಲಿ ಶುರುವಿನಲ್ಲಿ ಸ್ಕೋರ್ ಲೆಕ್ಕ ಇಡುವುದಿಲ್ಲ.

ಚೂಟಿ

ಏಪ್ರಿಲ್ 16

ಚೂಟಿ,

ಲೆಕ್ಕ ಇಡದ ಆಟವೂ ಒಂದು ಆಟವೇ? ಉಪ್ಪಿಲ್ಲದ ಊಟದ ಹಾಗಾಯಿತು. ಹೋಗಲಿ, ನೀನು ಬರೆಯದಿದ್ದರೂ ನನಗೆ ಗೊತ್ತು. ಉಳಿದ ಮಕ್ಕಳಿಗೆ ಬೇಜಾರಾದೀತೆಂದು ನೀನು ಬಾಯಿಗೆ ಬೀಗ ಹಾಕಿಕೊಂಡಿದ್ದೀಯ. ಚಿಕ್ಕಂದಿನಿಂದಲೂ ಹಾಗೆಯೇ, ಗೆದ್ದರೆ ಮುಖದಲ್ಲಿ ಏನೂ ಕಾಣಿಸದು.

ಶಾಲೆಗಳ ಪಂದ್ಯಾವಳಿಯಲ್ಲಿ ನೀನು ಕಪ್ ಹಿಡಿದು ನಿಂತಿದ್ದೀಯಲ್ಲ, ಆ ಫೋಟೋ ದೊಡ್ಡದು ಮಾಡಿಸಿ ಹೇರ್‌ಸ್ಟೈಲ್ ಚಿತ್ರಗಳ ಮಧ್ಯೆ ಹಾಕಿದ್ದೇನೆ. ಮೊನ್ನೆ ಒಬ್ಬಳು ಅದನ್ನೇ ತೋರಿಸಿ, "ಇದೇ ಕಟ್ ಮಾಡಿ" ಅಂದಳು. ಎಲ್ಲರಿಗೂ ಹೇಳಿದ್ದೇನೆ, ಕೊನೆಯಲ್ಲಿ ನಾಲ್ವರನ್ನು ಒಂದು ವರ್ಷ ಅಲ್ಲೇ ಉಳಿಸಿಕೊಂಡು ಓದು, ಆಟ ಎರಡನ್ನೂ ನೋಡಿಕೊಳ್ಳುತ್ತಾರೆ, ಆ ನಾಲ್ವರಲ್ಲಿ ನಮ್ಮವಳು ಗ್ಯಾರಂಟಿ ಎಂದು. ಹೆಡ್‌ಮಿಸ್ ಮಾತ್ರ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡ್ರೀ" ಅಂದರು. ಅವರ ತಲೆಗೆ ಮುಂದಿನ ಸಲ ಕೆಂಪು ಬಣ್ಣ ಹಚ್ಚಬೇಕು ಎಂದುಕೊಂಡಿದ್ದೇನೆ.

ನಿನ್ನ ಹೆಸರು ಬರಲೇಬೇಕು ಮರಿ. ನಾನು ಕಾಲೇಜಿನಲ್ಲಿ ಮೆರೆದದ್ದು ಕಾಲೇಜಿನ ಗೇಟಿನೊಳಗೇ ಮುಗಿಯಿತು. ಗೇಟಿನ ಹೊರಗೆ ಏನಿರುತ್ತದೆ ಎಂದು ನೀನಾದರೂ ನೋಡಿ ನನಗೆ ಹೇಳು.

ಅಮ್ಮ

ಏಪ್ರಿಲ್ 19

ಅಮ್ಮಾ,

ಆ ಫೋಟೋ ತೆಗೆದುಹಾಕು.

ಸುಳ್ಳು ಬರೆದಿದ್ದೆ. ಇಲ್ಲಿ ಸ್ಕೋರ್ ಲೆಕ್ಕ ಇಡುತ್ತಾರೆ. ದಿನಾ ಸಂಜೆ ಹಲಗೆಯ ಮೇಲೆ ಬರೆಯುತ್ತಾರೆ. ಬಂದಾಗಿನಿಂದ ಒಂದೇ ಒಂದು ಪಂದ್ಯ ಗೆದ್ದಿಲ್ಲ. ನನಗಿಂತ ಚಿಕ್ಕವರು, ಆಟ ಶುರು ಮಾಡಿ ಎರಡು ವರ್ಷವೂ ಆಗದವರು ನನ್ನನ್ನು ಸೋಲಿಸುತ್ತಾರೆ. ಸರ್ವ್ ದಾಟಿ ಚೆಂಡು ಆಟಕ್ಕೆ ಬಿದ್ದರೆ ನಾನು ಚೆನ್ನಾಗಿಯೇ ಹೊಡೆಯುತ್ತೇನೆ. ಆದರೆ ಬೀಳುವುದೇ ಇಲ್ಲ. ಶಾಲೆಗಳ ಪಂದ್ಯದಲ್ಲಿ ಎಲ್ಲರದೂ ನೇರ ಸರ್ವ್, ಇಲ್ಲಿ ಅವರು ಸರ್ವ್ ಮಾಡಿದರೆ ನನಗೆ ಏನೂ ತಿಳಿಯುವುದಿಲ್ಲ. ಮೇಲೆ ತಿರುಗಿದೆ ಅಂದುಕೊಂಡರೆ ನೆಟ್ಟಿಗೆ ಹೋಗುತ್ತದೆ, ಕೆಳಗೆ ತಿರುಗಿದೆ ಅಂದುಕೊಂಡರೆ ಹಾರಿ ಪಕ್ಕದ ಟೇಬಲ್‌ಗೆ ಹೋಗುತ್ತದೆ. ಪಕ್ಕದ ಟೇಬಲಿನವರು ಈಗ ನಾನು ಆಡುವಾಗ ಮೊದಲೇ ಬಗ್ಗಿ ನಿಲ್ಲುತ್ತಾರೆ.

ನೀನು ಹೇಳಿದ್ದ ಆ ಕಣ್ಣು ನನಗಿಲ್ಲಮ್ಮ. ಇತ್ತು, ಇಲ್ಲಿಗೆ ಬಂದ ಮೇಲೆ ಎಲ್ಲೋ ಬಿದ್ದುಹೋಯಿತು. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಎಡಚಿಗೆ ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತಾಳೆ.

ಬಂದು ಕರೆದುಕೊಂಡು ಹೋಗು. ದಮ್ಮಯ್ಯ.

ಚೂಟಿ

ಏಪ್ರಿಲ್ 22

ನನ್ನ ಬಂಗಾರ,

ನಿನ್ನ ಕಾಗದ ಓದಿ ಮತ್ತೆ ಕತ್ತರಿ ಹಿಡಿದೆ. ಬಾಬ್ ಕಟ್ ಮಾಡುತ್ತಿದ್ದೆ, ಒಂದು ಕಡೆ ಕಿವಿಯವರೆಗೆ, ಇನ್ನೊಂದು ಕಡೆ ಕಿವಿಯ ಮೇಲಕ್ಕೆ ಹೋಯಿತು. ಆಕೆ ಕನ್ನಡಿ ನೋಡಿ, "ಇದು ಹೊಸ ಫ್ಯಾಷನ್ನಾ?" ಅಂದಳು. ಹೌದು ಅಂದೆ.

ನಿನ್ನ ತಪ್ಪಲ್ಲ ಇದು. ಎಂಟು ವರ್ಷ ನನ್ನ ಸರ್ವ್ ಓದಿದ ಮಗಳು ಎರಡೇ ವಾರದಲ್ಲಿ ಕುರುಡಿಯಾದಳೆಂದರೆ ಅದು ಕಲಿಸುವವರ ತಪ್ಪು. ಏಡಿಯ ಹಾಗೆ ನಡೆಸಿ ನಡೆಸಿ ನಿನ್ನ ತಲೆ ಕೆಡಿಸಿದ್ದಾರೆ. ಇದ್ದ ಆಟವನ್ನೂ ಕಿತ್ತುಕೊಂಡು ಕಳಿಸುವ ಶಿಬಿರ ಯಾರಿಗೆ ಬೇಕು? ನಿನ್ನ ಕೋಚ್ ಮೇಡಂಗೆ ಬೇರೆಯಾಗಿ ಒಂದು ಕಾಗದ ಬರೆದಿದ್ದೇನೆ. ಏನು ಬರೆಯಬೇಕೋ ಬರೆದಿದ್ದೇನೆ, ಅದು ದೊಡ್ಡವರ ವಿಷಯ, ನೀನು ತಲೆಗೆ ಹಾಕಿಕೊಳ್ಳಬೇಡ.

ಈಗಲೇ ಹೊರಟು ಬರುತ್ತಿದ್ದೆ. ಅಪ್ಪ ಬಾಗಿಲಿಗೆ ಅಡ್ಡ ನಿಂತು, "ಅರ್ಧದಲ್ಲಿ ಬಾಗಿಲು ತೆಗೆಯೋಕೆ ಹೋದ್ರೇನೇ ಜನ ಬೀಳೋದು" ಅಂದರು. ಲಿಫ್ಟಿನ ಮಾತು. ಆದರೂ ಕುಳಿತೆ. ಇನ್ನು ಮೂರು ವಾರ ಹಲ್ಲು ಕಚ್ಚಿಕೊಂಡಿರು. ಮುಗಿದ ದಿನ ಸೀದಾ ಮನೆ. ನಮ್ಮ ಟೇಬಲ್, ನೀನು, ನಾನು. ಒಂದೇ ತಿಂಗಳಲ್ಲಿ ಎಲ್ಲ ಸರಿ ಮಾಡುತ್ತೇನೆ.

ಫೋಟೋ ತೆಗೆಯುವುದಿಲ್ಲ.

ಅಮ್ಮ

ಏಪ್ರಿಲ್ 27

ಅಮ್ಮಾ,

ನೀನು ಮೇಡಂಗೆ ಏನು ಬರೆದೆ? ಅವರು ಕಾಗದ ಓದುವುದನ್ನು ನೋಡಿದೆ. ಮಡಚಿ ಜೇಬಿಗಿಟ್ಟುಕೊಂಡು ನನ್ನ ಕಡೆ ನೋಡಿದರು.

ನಾನು ಅಳುವುದು ನಿಲ್ಲಿಸಿದ್ದೇನೆ. ಹೇಗೆ ಅಂತ ಹೇಳುತ್ತೇನೆ. ಕಳೆದ ವಾರ ಮೇಡಂ ನನ್ನ ಕೈಯಿಂದ ಬ್ಯಾಟ್ ತೆಗೆದುಕೊಂಡು, "ಎರಡು ದಿನ ನೀನು ಆಡೋದು ಬೇಡ, ಕೂತ್ಕೊಂಡು ನೋಡು" ಅಂದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ನೆಟ್ಟಿನ ಪಕ್ಕ ಒಂದು ಸ್ಟೂಲ್ ಹಾಕಿ ಕೂರಿಸಿದರು. ಬೇರೆಯವರು ಸರ್ವ್ ಮಾಡುತ್ತಾರೆ, ಬ್ಯಾಟು ಚೆಂಡಿನ ಮೇಲೆ ಉಜ್ಜಿತೋ ಕೆಳಗೆ ಉಜ್ಜಿತೋ ನಾನು ಹೇಳಬೇಕು. ಮೊದಲ ದಿನ ಎಲ್ಲ ತಪ್ಪು. ಎರಡನೇ ದಿನ ಸಂಜೆ ಹೊತ್ತಿಗೆ ಮಣಿಕಟ್ಟು ಕಾಣಿಸುವುದಕ್ಕೆ ಶುರುವಾಯಿತು. ಮೊದಲೂ ಅದು ಅಲ್ಲೇ ಇತ್ತು, ನಾನು ನೋಡಿಯೇ ಇರಲಿಲ್ಲ.

ಆಮೇಲೆ ಎಡಚಿ ಊಟದ ನಂತರ ಕಾರಿಡಾರಿನಲ್ಲಿ ನನಗಾಗಿ ಸರ್ವ್ ಮಾಡುತ್ತಾಳೆ. ಟೇಬಲ್ ಇಲ್ಲ, ನೆಲದ ಮೇಲೇ. ಅವಳಿಗೆ ನನ್ನ ಹಾಗೆ ಜೋರಾಗಿ ಹೊಡೆಯುವುದಕ್ಕೆ ಬರುವುದಿಲ್ಲ, ಅದನ್ನು ನಾನು ಹೇಳಿಕೊಡುತ್ತೇನೆ. ನಿನ್ನೆ ಅವಳು ಒಬ್ಬಳನ್ನು ಸೋಲಿಸಿದಳು, ನಾನು ಸೋತಿದ್ದೆ, ಆದರೂ ಇಬ್ಬರೂ ಕುಣಿದೆವು. ಸೋತ ದಿನ ಕುಣಿಯಬಹುದು ಅಂತ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ನಾನು ಸೋತರೆ ನಿನ್ನ ಮುಖ ಹೇಗಾಗುತ್ತಿತ್ತು ಅಂತ ನಿನಗೆ ಗೊತ್ತಿಲ್ಲ. ನನಗೆ ಗೊತ್ತು.

ಒಂದು ವಿಷಯ. ಮೇಡಂ ಮೊನ್ನೆ ಆಟ ನಿಲ್ಲಿಸಿ ಕೇಳಿದರು. "ಎದುರಿನವಳು ಸರ್ವ್ ಮಾಡೋವಾಗ ನೀನು ಅವಳನ್ನ ನೋಡಲ್ಲ. ಅವಳ ಬೆನ್ನ ಹಿಂದೆ ನೋಡ್ತೀಯ. ಅಲ್ಲೇನಿದೆ?" ಏನೂ ಇಲ್ಲ ಅಂದೆ. ನಿಜವಾಗಿಯೂ ಏನೂ ಇಲ್ಲ, ಬೂದು ಗೋಡೆ. ಆದರೆ ಅವರು ಹೇಳಿದ್ದು ಸರಿ, ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಯಾಕೆ ಅಂತ ಗೊತ್ತಿಲ್ಲ.

ನನ್ನನ್ನು ಕರೆದುಕೊಂಡು ಹೋಗಲು ಬರಬೇಡ. ಆ ಕಾಗದ ಬರೆದಾಗ ತಲೆ ಕೆಟ್ಟಿತ್ತು.

ಚೂಟಿ

ಏಪ್ರಿಲ್ 28

ಚೂಟಿ,

ನಿನ್ನಿಂದ ಕಾಗದ ಬಂದು ತುಂಬ ದಿನವಾದಂತಿದೆ. ಊಟ ಮಾಡುತ್ತಿದ್ದೀಯೋ ಇಲ್ಲವೋ? ಪೋಸ್ಟ್‌ಮ್ಯಾನ್ ಬೀದಿ ತಿರುವಿಗೆ ಬಂದರೆ ಸಾಕು, ಕತ್ತರಿ ಹಿಡಿದೇ ಓಡುತ್ತೇನೆ. ಪಾಪ, ಈಗ ನನ್ನನ್ನು ಕಂಡರೆ ಸೈಕಲ್ಲು ಆಚೆ ತಿರುಗಿಸುತ್ತಾನೆ.

ನಿನ್ನ ಅಪ್ಪನಿಗೆ ಬ್ಯಾಟ್ ಹಿಡಿಸಿದ್ದೇನೆ. ನನ್ನ ಕಾಟ ತಾಳಲಾರದೆ ನಿನ್ನೆ ಸಂಜೆ ಪಾರ್ಲರಿಗೆ ಬಂದರು. ಅವರಿಗೆ ಸೊಂಟ ನೋವು, ಕೌಂಟರಿಗೆ ಒರಗಿ ನಿಲ್ಲುತ್ತೇನೆ ಅಂದರು. ಹಾಗಾಗಿ ನನ್ನ ಜಾಗ ಅವರಿಗೆ ಕೊಟ್ಟು ನಾನು ಬಾಗಿಲ ಕಡೆ, ನಿನ್ನ ಜಾಗದಲ್ಲಿ ನಿಂತೆ. ಈ ಟೇಬಲ್ ಬಂದಾಗಿನಿಂದ ನಾನು ಆ ಬದಿಯಲ್ಲಿ ನಿಂತದ್ದು ಇದೇ ಮೊದಲು. ನಾವಿಬ್ಬರೂ ಬದಿ ಬದಲಿಸುತ್ತಲೇ ಇರಲಿಲ್ಲವಲ್ಲ. ಗಿರಾಕಿ ಬಂದರೆ, ಫೋನು ಬಂದರೆ ಕೌಂಟರ್ ನನ್ನ ಕೈಗೆ ಸಿಗಬೇಕಿತ್ತು.

ಅಪ್ಪನ ತಲೆ ಹಿಂದುಗಡೆ ಅಷ್ಟು ಬೋಳಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ಜನರ ಕೂದಲು ನೋಡುವವಳು ನಾನು, ಗಂಡನ ತಲೆ ನೋಡಿಲ್ಲ. ಅವರ ಹಿಂದಿನ ಕನ್ನಡಿಯಲ್ಲಿ ಬಟ್ಟಲಿನಷ್ಟು ಅಗಲ ಹೊಳೆಯುತ್ತಿತ್ತು. ಅಂಗಿಯ ಕಾಲರ್ ಹರಿದಿರುವುದೂ ಕಂಡಿತು. ಕನ್ನಡಿಯಲ್ಲಿ ಕೈಯೂ ಕಂಡಿತು. ಅವರು ಅಡ್ಡ ತಿರುಗಿ ಕೈಯನ್ನು ಮೈಯ ಹಿಂದೆ ಬಚ್ಚಿಟ್ಟುಕೊಂಡು ಏನೋ ಕುಸ್ತಿ ಮಾಡಿ ಸರ್ವ್ ಮಾಡಿದರು. ನಾನು ಮೊದಲೇ ಹೋಗಿ ಚೆಂಡು ಬೀಳುವ ಕಡೆ ನಿಂತಿದ್ದೆ. ಹತ್ತು ಸಲವೂ. "ನಾನು ಎತ್ತ ಹೊಡೀತೀನಿ ಅಂತ ನನಗೇ ಗೊತ್ತಿಲ್ಲ, ನಿನಗೆ ಹೇಗೆ ಗೊತ್ತಾಗುತ್ತೆ?" ಅಂದರು.

ಇನ್ನೂ ಏನೋ ಬರೆಯಬೇಕೆಂದಿದ್ದೆ. ಗಿರಾಕಿ ಬಂದರು.

ಅಮ್ಮ

ಮೇ 3

ಅಮ್ಮಾ,

ಯಾವ ಗಿರಾಕಿಯೂ ಬಂದಿರಲಿಲ್ಲ.

ನಿನ್ನ ಕಾಗದ ಎಡಚಿಗೆ ಓದಿ ಹೇಳುತ್ತಿದ್ದೆ. ಅಪ್ಪನ ಬೋಳುತಲೆ ಬಂದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೈ ಕಂಡಿತು ಅಂದ ಕಡೆ ನನ್ನ ನಗು ನಿಂತುಹೋಯಿತು. ಎಡಚಿ "ಏನಾಯ್ತೇ?" ಅಂದಳು. ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅಲ್ಲೇನಿದೆ ಅಂದರೆ, ಅಲ್ಲಿ ಕನ್ನಡಿ ಇದೆ. ನಾನು ಎಂಟು ವರ್ಷ ನಿನ್ನ ಸರ್ವ್ ಓದಿದ್ದು ಎದುರಿನಿಂದ ನಿನ್ನ ಕೈ ನೋಡಿ ಅಲ್ಲ, ನಿನ್ನ ಹಿಂದಿನ ಕನ್ನಡಿಯಲ್ಲಿ ಬೆನ್ನ ಕಡೆಯಿಂದ ನೋಡಿ. ನನಗೂ ಗೊತ್ತಿರಲಿಲ್ಲ. ಆದರೆ ನಿನಗೆ ಈಗ ಗೊತ್ತಾಗಿದೆ. ಬೋಳುತಲೆ, ಕಾಲರ್ ಎಲ್ಲ ಬರೆದು, ಹೇಳಲೇಬೇಕಾದ ಜಾಗಕ್ಕೆ ಬಂದಾಗ ನಿಲ್ಲಿಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅನ್ನುತ್ತಾರೆ, ನಮ್ಮ ಹುಣ್ಣು ಕನ್ನಡಿಯಲ್ಲೇ ಇತ್ತು, ಅದನ್ನು ನೋಡಿಯೂ ನೀನು ಸುಮ್ಮನಿದ್ದೆ.

ಯಾಕಮ್ಮ? ನಾನು ಬಚ್ಚಲಿನಲ್ಲಿ ಅಳುತ್ತಿದ್ದೇನೆ ಅಂತ ನಿನಗೆ ಬರೆದಿದ್ದೆ. ನನ್ನ ಕಣ್ಣೇ ಕೆಟ್ಟುಹೋಯಿತು ಅಂದುಕೊಂಡಿದ್ದೆ. ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಇನ್ನೊಂದೂ ಗೊತ್ತಾಯಿತು. ಹದಿನಾಲ್ಕನೇ ತಾರೀಖು ಆಯ್ಕೆ ಪಂದ್ಯ. ಉಳಿಯುವುದಕ್ಕೆ ಮನೆಯವರ ಒಪ್ಪಿಗೆ ಅದಕ್ಕೆ ಮೊದಲೇ ಕೈಗೆ ಸಿಗಬೇಕು, ಇಲ್ಲದಿದ್ದರೆ ಗೆದ್ದರೂ ಲೆಕ್ಕಕ್ಕಿಲ್ಲ. ನನ್ನದು ಬಂತಾ ಅಂತ ಕೇಳಿದೆ. ಮೇಡಂ ನಿನ್ನ ಕಾಗದ ತೋರಿಸಿದರು. "ಆಯ್ಕೆಯಾದರೂ ನನ್ನ ಮಗಳನ್ನು ನಿಮ್ಮಲ್ಲಿ ಬಿಡುವುದಿಲ್ಲ. ಇದ್ದ ಆಟವನ್ನೂ ಹಾಳು ಮಾಡಿದ್ದೀರಿ." ನಿನ್ನ ಕೈಬರಹ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟು ಓದಿದ ಮೇಲೂ ಮೇಡಂ ನನಗೆ ಕಲಿಸುವುದನ್ನು ಒಂದು ದಿನವೂ ನಿಲ್ಲಿಸಲಿಲ್ಲ. ನನಗೆ ನಾಚಿಕೆಯಾಯಿತು.

ನಾನು ಆ ನಾಲ್ವರಲ್ಲಿ ಬರುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಆಡಬೇಕು ಅಂತ ಇದೆ. ಎಷ್ಟೋ ವರ್ಷ ಗೆಲ್ಲಬೇಕು ಅಂತ ಮಾತ್ರ ಇತ್ತು, ಈಗ ಆಡಬೇಕು ಅಂತ ಇದೆ. ಅದನ್ನು ನಿನಗೆ ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ.

ಚೂಟಿ

ಮೇ 9

ಅಮ್ಮಾ,

ನಿನ್ನಿಂದ ಏನೂ ಬಂದಿಲ್ಲ. ಕಾಗದ ಸಿಗಲಿಲ್ಲವಾ, ಇಲ್ಲ ಸಿಟ್ಟಾ? ದಿನಾ ಮಧ್ಯಾಹ್ನ ಆಫೀಸಿನ ಮುಂದೆ ಹೋಗಿ ನಿಲ್ಲುತ್ತೇನೆ. ಎಡಚಿಗೆ ಅವಳ ಅಜ್ಜನಿಂದ ಎರಡು ಬಂದವು.

ಕುಣಿಯಲಾರದವಳು ಅಂತ ಬರೆಯಬಾರದಿತ್ತು. ಉಳಿದದ್ದನ್ನು ಬರೆಯಬೇಕಿತ್ತು, ಅದಕ್ಕೆ ಕ್ಷಮೆ ಕೇಳುವುದಿಲ್ಲ.

ನಿನ್ನೆ ಮೊದಲ ಸಲ ಒಂದು ಪಂದ್ಯ ಗೆದ್ದೆ. ನಿನಗೆ ಹೇಳಬೇಕು ಅನ್ನಿಸಿತು, ಫೋನಿರಲಿಲ್ಲ. ಆಮೇಲೆ ಮಲಗಿದಾಗ ಒಂದು ಯೋಚನೆ ಬಂತು. ನಾನು ಇಲ್ಲೇ ಉಳಿದರೆ ನೀನು ಯಾರ ಜೊತೆ ಆಡುತ್ತೀಯ? ಒಪ್ಪಿಗೆ ಕೊಡದೇ ಇರುವುದಕ್ಕೆ ಅದೇ ಕಾರಣವಾ? ಹಾಗಿದ್ದರೆ ಅದನ್ನೇ ಬರೆ. ನಾನು ಬಂದುಬಿಡುತ್ತೇನೆ. ಸಿಟ್ಟು ಮಾಡಿಕೊಂಡು ಅಲ್ಲ, ನಿಜವಾಗಿಯೂ.

ಏನಾದರೂ ಬರೆ.

ಚೂಟಿ

ಮೇ 14, ನಿಮ್ಮ ಗೇಟಿನ ಬಳಿ

ಚೂಟಿ,

ಇದಕ್ಕೆ ಸ್ಟಾಂಪಿಲ್ಲ. ಗೇಟಿನವರ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಪಂದ್ಯಗಳೆಲ್ಲ ಮುಗಿದ ಮೇಲೆ ಕೊಡಿ ಎಂದು ಅವರಿಗೆ ಹೇಳಿದ್ದೇನೆ. ನೀನು ಓದುವಾಗ ನಾನು ಬಸ್ಸಿನಲ್ಲಿರುತ್ತೇನೆ.

ನಿನ್ನ ಕೊನೆಯ ಎರಡೂ ಕಾಗದ ಸಿಕ್ಕವು, ಪೋಸ್ಟಿನವರ ತಪ್ಪಿಲ್ಲ. ಮೊದಲನೆಯದು ಓದಿ ಸಿಟ್ಟು ನೆತ್ತಿಗೇರಿತು. ಮೊಳಕಾಲುದ್ದ ಇದ್ದವಳು ನನಗೆ ಗಾದೆ ಹೇಳುತ್ತಾಳೆ ಎಂದು ಅಪ್ಪನ ಮೇಲೆ ಹಾರಾಡಿದೆ. ಅವರು, "ಅವಳು ಬರೆದಿದ್ರಲ್ಲಿ ತಪ್ಪೇನಿದೆ ಹೇಳು" ಅಂದರು. ಅಷ್ಟೇ. ಒಂದು ವರ್ಷಕ್ಕಾಗುವಷ್ಟು ಮಾತಾಡಿದ ಹಾಗೆ ಎದ್ದು ಹೋದರು. ನಾನು ಉತ್ತರ ಬರೆಯಲು ಕುಳಿತರೆ ಪ್ರತಿ ಸಲವೂ ಅದು ನನ್ನ ಕಾಲೇಜಿನ ಕಥೆಯಾಗುತ್ತಿತ್ತು. ಹರಿದು ಹಾಕಿದೆ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ಹೆದರಿದೆ. ನನ್ನ ಮಗಳಿಗೆ ನಾನು ಕಲಿಸಿದ್ದು ಇದು ಎಂದುಕೊಂಡಿದ್ದೆನಲ್ಲ, ಅದರಲ್ಲಿ ಅರ್ಧ ಕನ್ನಡಿ ಕಲಿಸಿದ್ದು ಎಂದು ತಿಳಿದಾಗ ನಿನಗೆ ನನ್ನ ಮೇಲೆ ಇರುವ ನಂಬಿಕೆ ಹೋದೀತು ಎಂದು ಹೆದರಿದೆ. ನೀನು ಅಳುತ್ತಿರುವುದು ಗೊತ್ತಿದ್ದೂ ನನ್ನ ಮಾನ ನೋಡಿಕೊಂಡೆ. ಇದಕ್ಕಿಂತ ಚೆನ್ನಾದ ಕಾರಣ ನನ್ನ ಹತ್ತಿರ ಇಲ್ಲ.

ಯಾರ ಜೊತೆ ಆಡುತ್ತೀಯ ಎಂದಿದ್ದೀಯಲ್ಲ, ಆ ಸಾಲು ಓದುವ ಹೊತ್ತಿಗೆ ನಾನು ಮಾರ್ಕೆಟ್ ಹಿಂದಿನ ಕ್ಲಬ್ಬಿಗೆ ಹೋಗಲು ಶುರು ಮಾಡಿದ್ದೆ. ಸಂಜೆ ಮಕ್ಕಳಿಗೆ ಕಲಿಸುತ್ತಾರೆ, ದೊಡ್ಡವರು ಯಾರೂ ಬರುವುದಿಲ್ಲ. ಕಾಲೇಜ್ ಚಾಂಪಿಯನ್ ಬಂದಿದ್ದೇನೆ ಎಂಬ ಗತ್ತಿನಲ್ಲೇ ಹೋದೆ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಒಬ್ಬಳು ಪೋರಿ ನನ್ನನ್ನು ಸೋಲಿಸಿದಳು. ಸೋಲಿಸಿ, ನಾನಿನ್ನೂ ಅಲ್ಲೇ ನಿಂತಿರುವುದು ಕಂಡು, "ಆಂಟೀ, ಗೇಮ್ ಮುಗೀತು, ಈಗ ಬದಿ ಬದಲಿಸ್ಬೇಕು" ಅಂದಳು. ನನಗೆ ಕಾಲೇ ಏಳಲಿಲ್ಲ. "ನಡೀರಿ ಆಂಟಿ, ಆ ಕಡೆ" ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಮರುದಿನವೂ ಸೋತೆ. ಪಾರ್ಲರಿಗೆ ಬಂದು ಹೆಡ್‌ಮಿಸ್ ಮುಂದೆ ನಾನೇ ಹೇಳಿಕೊಂಡೆ. ಅವರು ನಕ್ಕರು, ನಾನೂ ನಕ್ಕೆ. ಸೋತ ದಿನ ಕುಣಿದೆವು ಎಂದು ನೀನು ಬರೆದಿದ್ದೆ. ಕುಣಿಯುವಷ್ಟು ಇನ್ನೂ ಬಂದಿಲ್ಲ, ನಗುವಷ್ಟು ಬಂದಿದೆ.

ನೀನು ಸೋತಾಗ ನನ್ನ ಮುಖ ಹೇಗಾಗುತ್ತಿತ್ತು ಎಂದೂ ಬರೆದಿದ್ದೆ. ಆ ಪೋರಿಯ ಅಮ್ಮ ಬೆಂಚಿನ ಮೇಲೆ ಕುಳಿತಿರುತ್ತಾಳೆ. ಮಗಳು ಒಂದು ಚೆಂಡು ಬಿಟ್ಟರೆ ಅವಳ ತುಟಿ ಬಿಗಿಯುತ್ತದೆ. ಮೊನ್ನೆ ಅದನ್ನೇ ನೋಡುತ್ತ ಕುಳಿತಿದ್ದೆ, ಆಮೇಲೆ ತಲೆ ತಗ್ಗಿಸಿದೆ.

ಒಪ್ಪಿಗೆ ಪೋಸ್ಟಿನಲ್ಲಿ ಹಾಕಿ, ಅದು ತಡವಾಗಿ, ನಿನ್ನ ಹೆಸರು ಹೋದರೆ ಎಂದು ಜೀವ ಬಾಯಿಗೆ ಬಂತು. ಅಪ್ಪ ಬಸ್ ಹತ್ತಿಸಿದರು. ಬೆಳಗ್ಗೆ ಆಫೀಸು ತೆರೆಯುವ ಮೊದಲೇ ಬಂದು ನಿಂತಿದ್ದೆ. ನಿನ್ನ ಮೇಡಂ ಕೈಗೇ ಕೊಟ್ಟೆ. ಆ ಕಾಗದದಲ್ಲಿ ಬರೆದದ್ದಕ್ಕೆ ತಪ್ಪಾಯಿತು ಎಂದೆ. ಅವರು, "ಬಿಡಿ, ಪ್ರತಿ ಶಿಬಿರದಲ್ಲೂ ಅಂಥದ್ದು ನಾಲ್ಕು ಬರುತ್ತೆ. ನಿಮ್ಮದರಲ್ಲಿ ಅಕ್ಷರ ಚೆನ್ನಾಗಿತ್ತು" ಅಂದರು. ಆಯ್ಕೆಯಾಗುತ್ತಾಳಾ ಎಂದು ಕೇಳಲೇಬಾರದು ಎಂದುಕೊಂಡು ಬಂದಿದ್ದೆ, ಕೇಳಿಯೇ ಬಿಟ್ಟೆ. "ಗೊತ್ತಿಲ್ಲ. ನಾಲ್ಕು ಜಾಗ, ಏಳು ಜನ ಒಳ್ಳೆಯವರಿದ್ದಾರೆ, ಅದರಲ್ಲಿ ಇವಳೂ ಒಬ್ಬಳು. ಬಂದಾಗ ಇರಲಿಲ್ಲ" ಅಂದರು. ನೋಡಿಕೊಂಡು ಹೋಗುತ್ತೀರಾ ಎಂದು ಅವರೇ ಕೇಳಿದರು. ಬೇಡ, ನನ್ನನ್ನು ಕಂಡರೆ ಅವಳ ಆಟ ಕೆಡುತ್ತದೆ ಎಂದು ದೊಡ್ಡ ಮನಸ್ಸಿನವಳ ಹಾಗೆ ಹೇಳಿ ಹೊರಗೆ ಬಂದೆ.

ಗೇಟಿನ ತನಕ ಬಂದೆ, ಕಾಲು ಕೇಳಲಿಲ್ಲ. ಗೇಟಿನವರು ನನ್ನ ಮುಖ ನೋಡಿ, "ಹಾಲ್ ಹಿಂದೆ ಕಿಟಕಿ ಇದೆ. ನಾನೇನೂ ನೋಡಿಲ್ಲ, ನೀವೇನೂ ಕೇಳಿಲ್ಲ" ಅಂದರು.

ನೀನು ಆಗಲೇ ಆಡುತ್ತಿದ್ದೆ, ಗುಲಾಬಿ ಅಂಗಿಯಲ್ಲಿ. ಎದುರಿಗೆ ಒಬ್ಬಳು ಉದ್ದನೆಯ ಹುಡುಗಿ, ಅವಳ ಬೆನ್ನು ಕಿಟಕಿಯ ಕಡೆ. ಗಾಜಿನ ಈಚೆ, ಅವಳ ಬೆನ್ನ ಹಿಂದೆ, ಸರಿಯಾಗಿ ನಿನ್ನ ಎದುರಿಗೆ ನಾನು. ಥಟ್ಟನೆ ಕೆಳಗೆ ಕುಳಿತೆ. ನೀನು ತಲೆಯೆತ್ತಿದರೆ ಸಾಕು, ನಾನು ಕಾಣುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮಾತ್ರ ಮೇಲೆ ಮಾಡಿ ನೋಡಿದೆ. ಅವಳು ಸರ್ವ್ ಮಾಡಿದಳು, ನೀನು ಅವಳ ಕೈ ನೋಡುತ್ತಿದ್ದೆ. ಇನ್ನೊಂದು ಸರ್ವ್, ಆಗಲೂ ಕೈಯನ್ನೇ. ನಾನು ಎದ್ದು ನಿಂತೆ. ಇನ್ನೂ ಕೈಯನ್ನೇ ನೋಡುತ್ತಿದ್ದೆ. ಕೊನೆಗೆ ನಾಚಿಕೆ ಬಿಟ್ಟು ಎರಡೂ ಕೈ ಎತ್ತಿ ಬೀಸಿದೆ ಕಣೇ, ಯಾರೋ ಗಿಡಕ್ಕೆ ನೀರು ಹಾಕುತ್ತಿದ್ದವರು ಪೈಪು ಬಿಟ್ಟು ನನ್ನನ್ನೇ ನೋಡಿದರು. ನೀನು ನೋಡಲಿಲ್ಲ. ಒಂದು ಗೇಮ್ ಮುಗಿಯುವ ತನಕ ನಾನು ನಿನ್ನ ಕಣ್ಣೆದುರೇ ಇದ್ದೆ, ನಿನಗೆ ಗೊತ್ತೇ ಆಗಲಿಲ್ಲ. ಅಳು ಬಂತು. ಸಂತೋಷಕ್ಕೂ ಬಂತು, ಹಾಳಾದ ಹೊಟ್ಟೆಕಿಚ್ಚಿಗೂ ಬಂತು, ಯಾವುದು ಎಷ್ಟು ಎಂದು ಕೇಳಬೇಡ.

ನಾಲ್ವರಲ್ಲಿ ಬಂದರೆ ಉಳಿ. ಮನೆಗೆ ಬಂದು ಹೋಗಬೇಕು ಎಂದೇನೂ ಇಲ್ಲ, ಬಟ್ಟೆ ನಾನು ಕಳಿಸುತ್ತೇನೆ. ಬರದಿದ್ದರೆ ಕ್ಲಬ್ಬಿಗೆ ಹೋಗೋಣ, ಅಲ್ಲಿ ನನಗೆ ಒಬ್ಬಳು ಗುರುವಿದ್ದಾಳೆ, ಹಲ್ಲಿಗೆ ಕ್ಲಿಪ್ ಹಾಕಿದವಳು. ಎರಡರಲ್ಲಿ ಯಾವುದಾದರೂ ಸ್ಕೋರ್ ಬರೆಯಬೇಡ.

ಬಸ್ಸಿಗೆ ಹೊತ್ತಾಗಿತ್ತು, ಆದರೂ ಇನ್ನೂ ಸ್ವಲ್ಪ ನಿಂತೆ. ಗೇಮ್ ಮುಗಿದು ನೀವು ಬದಿ ಬದಲಿಸಿದಿರಿ. ನೀನು ಕಿಟಕಿಯ ಹತ್ತಿರ ಬಂದು, ಈ ಕಡೆ ಬೆನ್ನು ಮಾಡಿ ನಿಂತು, ಚೆಂಡನ್ನು ಅಂಗೈ ಮೇಲೆ ಇಟ್ಟುಕೊಂಡೆ. ಇಷ್ಟು ವರ್ಷ ನಿನ್ನ ಜೊತೆ ಆಡಿದ್ದೇನೆ ಮರಿ, ಆಡುವಾಗ ನಿನ್ನ ಬೆನ್ನು ಹೇಗಿರುತ್ತದೆ ಎಂದು ಇವತ್ತೇ ನೋಡಿದ್ದು.

ಅಮ್ಮ